ಚೀನದ ಸೃಷ್ಟಿಕಲ್ಪನೆಗಳು: ‘ಇಲ್ಲ’ವೆಂಬ ಒಂದು ಮಾತಿನ ವಿಮರ್ಶೆ

ಚೀನೀ ನಾಗರಿಕತೆಯನ್ನು ಕುರಿತ ಗ್ರಂಥಗಳಲ್ಲಿ ಪದೇ ಪದೇ ಎದುರಾಗುವ ಒಂದು ಮಾತುಂಟು. ಪ್ರಾಚೀನ ಜನಾಂಗಗಳಲ್ಲೆಲ್ಲ ಚೀನೀಯರೊಬ್ಬರೇ ಸೃಷ್ಟಿಕಥೆಯಿಲ್ಲದವರು. ಅವರಿಗೆ ಸೃಷ್ಟಿಕರ್ತನಿಲ್ಲ, ಸೃಷ್ಟಿಯ ಮೊದಲ ದಿನವೆಂಬುದೂ ಇಲ್ಲ. ವಿಶ್ವವು ತನ್ನಷ್ಟಕ್ಕೆ ತಾನೇ ನಡೆಯುವ ವ್ಯವಸ್ಥೆಯೆಂದು ಅವರು ಮೊದಲಿನಿಂದಲೂ ತಿಳಿದಿದ್ದರು ಎಂಬುದು ಆ ಮಾತಿನ ಸಾರ. ಪಾನ್‌ಗುವಿನ ಕಥೆಯೊಂದನ್ನು ಬಿಟ್ಟರೆ ಚೀನದಲ್ಲಿ ನಿಜವಾದ ಸೃಷ್ಟಿಕಥೆಯಿಲ್ಲವೆಂದು ಡೆರ್ಕ್ ಬೊಡ್ ಅವರು 1961ರಲ್ಲಿ ಬರೆದರು. ಫ್ರೆಡರಿಕ್ ಮೋಟ್ ಅವರು 1971ರ ತಮ್ಮ ಸಣ್ಣ ಗ್ರಂಥದಲ್ಲಿ ಇದನ್ನು ಇನ್ನೂ ಬಿಗಿಗೊಳಿಸಿ, ಚೀನೀ ಚಿಂತನೆಯ ತಳಹದಿಯೇ ಇದೆಂದು ಪ್ರತಿಪಾದಿಸಿದರು. ಇವರಿಬ್ಬರೂ ಸಾಮಾನ್ಯ ವಿದ್ವಾಂಸರಲ್ಲ. ಆದ್ದರಿಂದಲೇ ಮಾತು ಗ್ರಂಥದಿಂದ ಗ್ರಂಥಕ್ಕೆ, ಗ್ರಂಥದಿಂದ ಪಠ್ಯಪುಸ್ತಕಕ್ಕೆ, ಪಠ್ಯಪುಸ್ತಕದಿಂದ ಅಧ್ಯಾಪಕರ ಟಿಪ್ಪಣಿಗಳಿಗೆ ಇಳಿದುಬಂದಿತು.

ನಮ್ಮ ಟಿಪ್ಪಣಿಗಳಿಗೂ ಬಂದಿತೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಏಷ್ಯದ ಇತಿಹಾಸದ ಪತ್ರಿಕೆಯೊಂದಕ್ಕೆ ‘ಚೀನೀಯರಲ್ಲಿ ಸೃಷ್ಟಿಕಥೆ ಬೆಳೆಯದಿರಲು ಕಾರಣಗಳನ್ನು ವಿವರಿಸಿ’ ಎಂಬ ಪ್ರಶ್ನೆಯನ್ನು ನಾವು ಹಾಕಿದ್ದೆವು. ಕಾರಣಗಳನ್ನು ವಿವರಿಸುವ ಬದಲು ವಿದ್ಯಾರ್ಥಿಯೊಬ್ಬನು, ಹಳದಿ ಮಣ್ಣಿನಿಂದ ಮನುಷ್ಯರನ್ನು ಮಾಡಿದ ನ್ಯೂವಾ ದೇವಿಯ ಕಥೆಯನ್ನು ಬರೆದು, ಹೀಗಿರುವಾಗ ಪ್ರಶ್ನೆ ಹೇಗೆ ನಿಲ್ಲುವುದೆಂದು ಕೇಳಿದ್ದನು. ಪ್ರಶ್ನೆಗೆ ಉತ್ತರಿಸಿಲ್ಲವೆಂದು ಅವನಿಗೆ ಕಡಮೆ ಅಂಕಗಳನ್ನು ಕೊಟ್ಟೆವು. ಫಲಿತಾಂಶ ಪ್ರಕಟವಾದ ಮೇಲೆ ಮನಸ್ಸಿಗೆ ಸಮಾಧಾನವಿಲ್ಲದೆ ಮೂಲಗಳನ್ನು, ಎಂದರೆ ಅವುಗಳ ಅನುವಾದಗಳನ್ನು, ಓದಲು ತೊಡಗಿದೆವು. ಪ್ರಕೃತ ಲೇಖನ ಆ ಓದಿನ ಫಲ. ನಮಗೆ ಚೀನೀ ಭಾಷೆ ಬಾರದು. ಆದುದರಿಂದ ಒಂದೇ ವಾಕ್ಯಕ್ಕೆ ಎರಡು ಮೂರು ಅನುವಾದಗಳನ್ನು ಹೋಲಿಸಿ ನೋಡಿದ ಮೇಲೆಯೇ ಇಲ್ಲಿಯ ಮಾತುಗಳನ್ನು ಬರೆದಿದ್ದೇವೆ.

ಮೊದಲು ಈ ‘ಇಲ್ಲ’ ಎಲ್ಲಿಂದ ಬಂದಿತೆಂಬುದನ್ನು ನೋಡಬೇಕು. ಇಂಥ ಪ್ರಶ್ನೆ ಚೀನೀಯರು ತಮಗೆ ತಾವೇ ಹಾಕಿಕೊಂಡದ್ದಲ್ಲ. ಯೇಸು ಸಂಘದ ಮತ್ತೇಯೊ ರಿಚ್ಚಿ 1603ರಲ್ಲಿ ಪ್ರಕಟಿಸಿದ ಚೀನೀ ಗ್ರಂಥದಲ್ಲಿ, ಮನೆಯೊಂದಿದ್ದರೆ ಅದನ್ನು ಕಟ್ಟಿದವನೊಬ್ಬನು ಇರಲೇಬೇಕೆಂಬ ವಾದವನ್ನು ಹೂಡಿ, ಚೀನದ ಪ್ರಾಚೀನ ಗ್ರಂಥಗಳಲ್ಲಿ ಬರುವ ‘ಶಾಂಗ್‌ದಿ’ಯೇ ಆ ಕರ್ತನೆಂದು ಸಾಧಿಸಲೆತ್ನಿಸಿದನು. ಸೋಂಗ್ ಕಾಲದ ಪಂಡಿತರು ಮೂಲತತ್ತ್ವವೆಂದ ‘ತಾಯ್‌ಜಿ’ ಕರ್ತೃವಾಗಲಾರದೆಂದು ಅದೇ ಗ್ರಂಥದಲ್ಲಿ ಖಂಡಿಸಿದನು. ಆದರೆ ಅವನ ಸಂಘದಲ್ಲೇ ಲೊಂಗೊಬಾರ್ದೊ ಮೊದಲಾದವರು, ಚೀನೀಯರಿಗೆ ಕರ್ತೃವಿನ ಕಲ್ಪನೆಯೇ ಇಲ್ಲ, ಶಾಂಗ್‌ದಿಯೆಂಬ ಹೆಸರು ಬಳಸುವುದು ಅಪಾಯಕರವೆಂದು ವಾದಿಸಿದರು. ಈ ಜಗಳ ರೋಮಿಗೆ ಹೋಯಿತು; 1704, 1715, 1742ರ ಪೋಪರ ಆಜ್ಞೆಗಳಲ್ಲಿ ಮುಗಿಯಿತು. ಮತ್ತೆ 1840ರ ದಶಕದಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳು ಬೈಬಲ್ಲಿನ ಚೀನೀ ಅನುವಾದಕ್ಕೆ ಕುಳಿತಾಗ, ದೇವರಿಗೆ ಯಾವ ಶಬ್ದವನ್ನು ಹಾಕಬೇಕೆಂಬ ಬಗ್ಗೆ ಅದೇ ವಾದ ಮರುಕಳಿಸಿತು. ಜೇಮ್ಸ್ ಲೆಗ್ 1852ರಲ್ಲಿ, ಮಿಂಗ್ ಚಕ್ರವರ್ತಿ ಜ್ಯಾಜಿಂಗ್ 1538ರಲ್ಲಿ ನಡೆಸಿದ ಸ್ವರ್ಗಪೂಜೆಯ ಸ್ತೋತ್ರಗಳನ್ನು ಮುಂದಿಟ್ಟು, ಆದಿಯ ಗೊಂದಲಕ್ಕೆ ರೂಪ ಕೊಟ್ಟ ಒಡೆಯನನ್ನು ಚೀನದ ಚಕ್ರವರ್ತಿಯೇ ಸ್ತುತಿಸುತ್ತಿದ್ದನೆಂದು ತೋರಿಸಿದನು.

ಹೀಗೆ ಮೊದಲು ಆರೋಪವಾಗಿ ಹುಟ್ಟಿದ ಮಾತು ಇಪ್ಪತ್ತನೆಯ ಶತಮಾನದಲ್ಲಿ ಹೊಗಳಿಕೆಯಾಗಿ ತಿರುಗಿತು. ಪಾದ್ರಿಗೆ ಕೊರತೆಯಾಗಿ ಕಂಡದ್ದು ಆಧುನಿಕ ವಿದ್ವಾಂಸನಿಗೆ ವಿವೇಕವಾಗಿ ಕಂಡಿತು. ಬೆಲೆ ಬದಲಾಯಿತೇ ಹೊರತು ಅಳತೆಗೋಲು ಬದಲಾಗಲಿಲ್ಲ. ಶೂನ್ಯದಿಂದ, ಹೊರಗೆ ನಿಂತ ಒಬ್ಬನ ಇಚ್ಛೆಯಿಂದ, ಜಗತ್ತು ಉಂಟಾಯಿತೆಂದರೆ ಮಾತ್ರ ಸೃಷ್ಟಿಯೆಂಬ ನಿರ್ಣಯ ಎರಡೂ ಕಡೆ ಒಂದೇ. ಈ ಗೋಲಿನಿಂದ ಅಳೆದರೆ ಚೀನವೊಂದೇ ಏಕೆ, ಪ್ರಾಚೀನ ಜಗತ್ತಿನ ಬಹುಭಾಗ ಬರಿಗೈಯಾಗುವುದು. ಬಾಬಿಲೋನಿನ ಮರ್ದುಕ್ ತಾನು ಕೊಂದ ತಿಯಾಮತಳ ದೇಹವನ್ನು ಸೀಳಿ ಲೋಕವನ್ನು ಮಾಡಿದನು, ಶೂನ್ಯದಿಂದಲ್ಲ. ಗ್ರೀಕರ ಹೆಸಿಯಡ್ ಹೇಳುವುದು ದೇವತೆಗಳ ವಂಶಾವಳಿಯನ್ನು. ನಮ್ಮ ಋಗ್ವೇದದ ನಾಸದೀಯ ಸೂಕ್ತವು ಸೃಷ್ಟಿಯನ್ನು ಬಲ್ಲವರು ಯಾರೆಂದು ಕೇಳಿ, ಉತ್ತರವನ್ನು ಕೊಡದೆಯೇ ನಿಲ್ಲುತ್ತದೆ. ಇವರಾರನ್ನೂ ಸೃಷ್ಟಿಕಥೆಯಿಲ್ಲದವರೆಂದು ಯಾರೂ ಕರೆದಿಲ್ಲ. ಚೀನೀಯರ ವಿಷಯದಲ್ಲಿ ಮಾತ್ರ ಗೋಲನ್ನು ಇಷ್ಟು ಬಿಗಿ ಹಿಡಿಯುವುದೇಕೆಂಬುದಕ್ಕೆ ಸಮಾಧಾನಕರವಾದ ಉತ್ತರ ನಮಗೆ ಎಲ್ಲಿಯೂ ದೊರೆತಿಲ್ಲ.

ಇನ್ನು ಆಧಾರಗಳ ಮಾತು. ಕ್ರಿ. ಪೂ. 4-3ನೆಯ ಶತಮಾನಗಳಲ್ಲಿದ್ದ ಚೂ ದೇಶದ ಕವಿ ಚು ಯುವಾನನ ಹೆಸರಿನಲ್ಲಿರುವ ‘ಸ್ವರ್ಗಪ್ರಶ್ನೆಗಳು’ ಎಂಬ ಕಾವ್ಯ ಪೂರ್ತಿಯಾಗಿ ಪ್ರಶ್ನೆಗಳ ಮಾಲೆ. ಮೇಲೂ ಕೆಳಗೂ ರೂಪುಗೊಳ್ಳದಿದ್ದ ಕಾಲದ ಸಂಗತಿಯನ್ನು ಹೇಳಿದವರು ಯಾರು, ನ್ಯೂವಾಳಿಗೆ ದೇಹವಿತ್ತೆಂದಾದರೆ ಆ ದೇಹವನ್ನು ರೂಪಿಸಿದವರಾರು ಎಂದು ಕವಿ ಕೇಳುತ್ತಾನೆ. ಕಥೆಗಳು ಪ್ರಚಾರದಲ್ಲಿಲ್ಲದಿದ್ದರೆ ಇಂಥ ಪ್ರಶ್ನೆಗಳಿಗೆ ಅರ್ಥವೇ ಇಲ್ಲ. ಕೇಳುವವನು ಸಂಶಯಿಯಾಗಿದ್ದಿರಬಹುದು, ಆದರೆ ಸಂಶಯ ಪಡಲು ನಂಬಿಕೆಯೊಂದು ಮೊದಲೇ ಇರಬೇಕಾಗುತ್ತದೆ. ಕ್ರಿ. ಪೂ. 139ರಲ್ಲಿ ರಾಜಕುಮಾರ ಲ್ಯೂ ಆನ್ ಹಾನ್ ಚಕ್ರವರ್ತಿ ವೂ ಎಂಬುವನಿಗೆ ಅರ್ಪಿಸಿದ ‘ಹ್ವಾಯ್‌ನಾನ್‌ತ್ಸು’ ಗ್ರಂಥದಲ್ಲಿ ಒಂದಲ್ಲ, ಹಲವು ಸೃಷ್ಟಿವೃತ್ತಾಂತಗಳಿವೆ. ಒಂದೆಡೆ ಶೂನ್ಯದಿಂದ ‘ಚೀ’ ಎಂಬ ಮೂಲಪ್ರಾಣ ಹುಟ್ಟಿ, ತಿಳಿಯಾದ ಭಾಗ ಮೇಲೇರಿ ಆಕಾಶವಾಗಿ, ಕದಡಿದ ಭಾಗ ಕೆಳಗಿಳಿದು ಭೂಮಿಯಾಯಿತೆಂದಿದೆ. ಇನ್ನೊಂದು ಅಧ್ಯಾಯದಲ್ಲಿ, ರೂಪವಿಲ್ಲದ ಆ ಕತ್ತಲೆಯಲ್ಲಿ ಇಬ್ಬರು ದೇವತೆಗಳು ಜೊತೆಯಾಗಿ ಹುಟ್ಟಿ, ಆಕಾಶವನ್ನೂ ಭೂಮಿಯನ್ನೂ ಏರ್ಪಡಿಸಿದರೆಂದಿದೆ. ಒರಟು ಚೀ ಕೀಟಗಳಾಯಿತು, ನಯವಾದ ಚೀ ಮನುಷ್ಯರಾಯಿತು. ಕ್ರಿ. ಶ. 100ರ ಸುಮಾರಿನ ಶು ಶೆನ್‌ನ ಶಬ್ದಕೋಶವು ನ್ಯೂವಾಳನ್ನು ಸಮಸ್ತ ವಸ್ತುಗಳನ್ನು ರೂಪಾಂತರಿಸಿ ತಂದ ಪ್ರಾಚೀನ ದೇವಿಯೆಂದು ಅರ್ಥೈಸುತ್ತದೆ. ನಿಘಂಟುಕಾರನು ಹೀಗೆ ಒಂದು ಸಾಲಿನಲ್ಲಿ ಬರೆದು ಮುಗಿಸಬೇಕಾದರೆ ವಿಷಯ ಓದುಗರಿಗೆ ಪರಿಚಿತವಾಗಿದ್ದಿರಬೇಕು.

ಬೊಡ್ ಮತ್ತು ಮೋಟ್ ಬರೆದ ಕಾಲಕ್ಕೆ ದೊರೆಯದಿದ್ದ ಆಧಾರವೂ ಈಗ ದೊರೆತಿದೆ. 1993ರಲ್ಲಿ ಹೂಬೆ ಪ್ರಾಂತದ ಗ್ವೋದ್ಯಾನ್ ಎಂಬಲ್ಲಿ, ಕ್ರಿ. ಪೂ. 300ರ ಸುಮಾರಿನ ಗೋರಿಯೊಂದರಲ್ಲಿ ಬಿದಿರಿನ ಪಟ್ಟಿಗಳ ಮೇಲೆ ಬರೆದ ಗ್ರಂಥಗಳು ಸಿಕ್ಕಿದವು, 1998ರಲ್ಲಿ ಪ್ರಕಟವಾದವು. ಲಾವೊತ್ಸುವಿನ ಹೆಸರಿನ ಗ್ರಂಥದ ಭಾಗಗಳ ಜೊತೆಯಲ್ಲೇ, 14 ಪಟ್ಟಿಗಳ ಒಂದು ಚಿಕ್ಕ ರಚನೆ ಅಲ್ಲಿತ್ತು. ‘ಮಹಾ ಏಕ’ವು ಮೊದಲು ನೀರನ್ನು ಹೆತ್ತಿತು, ನೀರು ಹಿಂದಿರುಗಿ ಮಹಾ ಏಕಕ್ಕೆ ನೆರವಾದುದರಿಂದ ಆಕಾಶವಾಯಿತು, ಆಕಾಶವೂ ಹಾಗೆಯೇ ನೆರವಾಗಲು ಭೂಮಿಯಾಯಿತು, ಅನಂತರ ದೇವಶಕ್ತಿಗಳು, ಯಿನ್ ಮತ್ತು ಯಾಂಗ್, ನಾಲ್ಕು ಋತುಗಳು, ಶೀತೋಷ್ಣಗಳು, ಕೊನೆಗೆ ವರ್ಷ. ಹುಟ್ಟಿದ ಮಗುವೇ ತಾಯಿಗೆ ಕೈಗೂಡಿಸಿ ಮುಂದಿನ ಮಗುವಿಗೆ ಕಾರಣವಾಗುವ ಈ ಕ್ರಮ ಬೇರೆಲ್ಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಕ್ರಿ. ಪೂ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಗೋರಿಯೊಳಗೆ ಜೊತೆಗಿಡುವಷ್ಟು ಮಹತ್ತ್ವದ ಸೃಷ್ಟಿಗ್ರಂಥವಿದ್ದಾಗ, ಸೃಷ್ಟಿಯ ವಿಚಾರವೇ ಚೀನೀಯರಿಗೆ ಹೊಳೆದಿರಲಿಲ್ಲವೆಂಬ ಮಾತು ಹಾಗೆಯೇ ಉಳಿಯಲಾರದು. ಪಾಲ್ ಗೋಲ್ಡಿನ್ ಅವರು 2008ರ ಲೇಖನದಲ್ಲಿ, ಚೀನಕ್ಕೆ ಸೃಷ್ಟಿಪುರಾಣವಿಲ್ಲವೆಂಬುದೇ ಒಂದು ಪುರಾಣವೆಂದು ಹೇಳಿರುವುದು ಈ ಕಾರಣದಿಂದ ಒಪ್ಪತಕ್ಕದ್ದಾಗಿದೆ.

ಪಾನ್‌ಗುವಿನ ಕಥೆ ಹೆಚ್ಚು ಪ್ರಸಿದ್ಧವಾದುದು, ಹೆಚ್ಚು ತೊಡಕಿನದೂ ಹೌದು. ಆಕಾಶ ಭೂಮಿಗಳು ಕೋಳಿಯ ಮೊಟ್ಟೆಯಂತೆ ಬೆರೆತಿದ್ದುವು. ಅದರೊಳಗೆ ಪಾನ್‌ಗು ಹುಟ್ಟಿದನು. 18,000 ವರ್ಷಗಳಾದ ಮೇಲೆ ತಿಳಿಯಾದದ್ದು ಆಕಾಶವಾಗಿಯೂ ಮಡ್ಡಿಯಾದದ್ದು ಭೂಮಿಯಾಗಿಯೂ ಬೇರೆಯಾದುವು. ಆಕಾಶ ದಿನಕ್ಕೊಂದು ‘ಜಾಂಗ್’ ಮೇಲೇರಿತು, ಭೂಮಿ ದಿನಕ್ಕೊಂದು ಜಾಂಗ್ ದಪ್ಪವಾಯಿತು, ನಡುವೆ ನಿಂತ ಪಾನ್‌ಗುವೂ ದಿನಕ್ಕೊಂದು ಜಾಂಗ್ ಬೆಳೆದನು. ಹೀಗೆ ಇನ್ನೂ 18,000 ವರ್ಷ. ಇದಿಷ್ಟು ಮೂರನೆಯ ಶತಮಾನದಲ್ಲಿ ವೂ ರಾಜ್ಯದಲ್ಲಿದ್ದ ಶೂ ಝೆಂಗ್ ಎಂಬುವನ ಗ್ರಂಥದಲ್ಲಿತ್ತು. ಆ ಗ್ರಂಥ ಕಳೆದುಹೋಗಿದೆ. 624ರ ವಿಶ್ವಕೋಶವೊಂದರಲ್ಲಿ ಉದ್ಧೃತವಾದ ಭಾಗ ಮಾತ್ರ ನಮಗುಳಿದಿದೆ. ಅವನದೇ ಎನ್ನಲಾದ ಮತ್ತೊಂದು ತುಣುಕಿನಲ್ಲಿ ಪಾನ್‌ಗು ಸಾಯುತ್ತಾನೆ: ಅವನ ಉಸಿರು ಗಾಳಿ ಮೋಡಗಳಾಗಿ, ದನಿ ಗುಡುಗಾಗಿ, ಎಡಗಣ್ಣು ಸೂರ್ಯನಾಗಿ, ಬಲಗಣ್ಣು ಚಂದ್ರನಾಗಿ, ರಕ್ತ ನದಿಗಳಾಗಿ ಪರಿಣಮಿಸುತ್ತದೆ. ಅವನ ಮೈಮೇಲಿದ್ದ ಹುಳುಗಳು ಗಾಳಿ ಸೋಕಿ ಪ್ರಜೆಗಳಾದುವು.

ಗಮನಿಸಬೇಕಾದುದು ಕಾಲಕ್ರಮ. ಸಿಮಾ ಚ್ಯಾನ್ ಕ್ರಿ. ಪೂ. ಒಂದನೆಯ ಶತಮಾನದ ಆರಂಭದಲ್ಲಿ ಬರೆದ ಮಹಾ ಇತಿಹಾಸ ಹಳದಿ ಚಕ್ರವರ್ತಿಯಿಂದ ಮೊದಲಾಗುತ್ತದೆ. ಅದಕ್ಕೂ ಹಿಂದಿನದಕ್ಕೆ ಅವನು ಕೈಹಾಕಲಿಲ್ಲ. ಎಂಟನೆಯ ಶತಮಾನದಲ್ಲಿ ಸಿಮಾ ಝೆನ್ ಎಂಬ ವ್ಯಾಖ್ಯಾನಕಾರನು ಇದು ಸಾಲದೆಂದು ಭಾವಿಸಿ, ಫೂಶಿ, ನ್ಯೂವಾ, ಶೆನ್‌ನೊಂಗರ ಅಧ್ಯಾಯವೊಂದನ್ನು ಮುಂದೆ ಸೇರಿಸಿದನು. ಅನಂತರದ ಜನಪ್ರಿಯ ಇತಿಹಾಸಗಳು ಅದಕ್ಕೂ ಹಿಂದೆ ಪಾನ್‌ಗುವನ್ನು ತಂದು ಕೂರಿಸಿದವು. ಗು ಜಿಯೇಗಾಂಗ್ ಅವರು 1923ರಲ್ಲಿ ಈ ಕ್ರಮವನ್ನೇ ಸೂತ್ರವಾಗಿ ಹೇಳಿದರು: ಗ್ರಂಥ ತಡವಾದಷ್ಟೂ ಅದರಲ್ಲಿ ವರ್ಣಿತವಾದ ಪ್ರಾಚೀನತೆ ಹಿಂದೆ ಹಿಂದೆ ಸರಿಯುತ್ತದೆ. ಚೀನದ ಇತಿಹಾಸಲೇಖನಕ್ಕೆ ಇದು ದೊಡ್ಡ ಉಪಕಾರ. ನಮ್ಮ ವಂಶಾವಳಿಗಳನ್ನೂ ಸ್ಥಳಪುರಾಣಗಳನ್ನೂ ಓದುವವರು ಈ ಸೂತ್ರವನ್ನು ಜೇಬಿನಲ್ಲಿಟ್ಟುಕೊಳ್ಳಬಹುದು. ಆದರೆ ಸೂತ್ರಕ್ಕೆ ಒಂದು ಮಿತಿಯಿದೆ. ತಡವಾಗಿ ಬರೆಯಲ್ಪಟ್ಟದ್ದೆಲ್ಲ ತಡವಾಗಿ ಹುಟ್ಟಿದ್ದೆಂದು ಅದರಿಂದ ಸಿದ್ಧವಾಗುವುದಿಲ್ಲ. ಬರೆಹದಲ್ಲಿ ಯಾವಾಗ ಕಾಣಿಸಿಕೊಂಡಿತೆಂಬುದಷ್ಟೇ ಸಿದ್ಧವಾಗುತ್ತದೆ. ‘ಇಲ್ಲ’ವೆಂದವರು ಈ ಎರಡನ್ನೂ ಬೆರೆಸಿದರು.

ಇಲ್ಲಿ ನಮ್ಮವರ ಒಂದು ಅಭ್ಯಾಸದ ಬಗ್ಗೆಯೂ ಹೇಳಬೇಕಾಗಿದೆ. ಪಾನ್‌ಗುವಿನ ಕಥೆಯನ್ನು ಕೇಳಿದೊಡನೆ ಭಾರತೀಯ ಓದುಗನ ನೆನಪಿಗೆ ಪುರುಷಸೂಕ್ತ ಬರುವುದು ಸಹಜ. ಅಲ್ಲಿಯೂ ಕಣ್ಣಿನಿಂದ ಸೂರ್ಯ, ಮನಸ್ಸಿನಿಂದ ಚಂದ್ರ, ಉಸಿರಿನಿಂದ ವಾಯು. ಮೊಟ್ಟೆಯೆಂದರೆ ಹಿರಣ್ಯಗರ್ಭವೂ ಇದೆ. ಬೌದ್ಧಧರ್ಮ ಚೀನಕ್ಕೆ ಹೋದ ಮೇಲೆಯೇ ಈ ಕಥೆ ಬರೆಹದಲ್ಲಿ ಕಾಣಿಸಿಕೊಂಡಿರುವುದರಿಂದ, ಇದು ಭಾರತದಿಂದ ಹೋದದ್ದೆಂದು ಹೇಳುವ ವಿದ್ವಾಂಸರು ಹೊರದೇಶಗಳಲ್ಲೂ ಇದ್ದಾರೆ. ಊಹೆ ಅಸಂಭವವಲ್ಲ. ಆದರೆ ನಮ್ಮಲ್ಲಿ ಅದನ್ನು ಸಿದ್ಧಾಂತವೆಂಬಂತೆ ಹೇಳುವುದು ವಾಡಿಕೆಯಾಗಿದೆ, ಮತ್ತು ಅದನ್ನು ಹೇಳುವಾಗ ನಮಗಾಗುವ ಸಂತೋಷವೇ ಆಧಾರದ ಸ್ಥಾನವನ್ನು ಆಕ್ರಮಿಸುತ್ತದೆ. ಪುರುಷಸೂಕ್ತದಲ್ಲಿ ದೇವತೆಗಳು ಪುರುಷನನ್ನು ಯಜ್ಞದಲ್ಲಿ ಪಶುವಾಗಿ ಕಟ್ಟುತ್ತಾರೆ. ಪಾನ್‌ಗು ತಾನಾಗಿಯೇ ಸಾಯುತ್ತಾನೆ, ಅಲ್ಲಿ ಯಜ್ಞವೂ ಇಲ್ಲ, ಯಜಮಾನನೂ ಇಲ್ಲ. ಪುರುಷನ ಅಂಗಗಳಿಂದ ನಾಲ್ಕು ವರ್ಣಗಳು ಹುಟ್ಟುತ್ತವೆ. ಪಾನ್‌ಗುವಿನ ಅಂಗಗಳಿಂದ ಬೆಟ್ಟ ನದಿಗಳು, ಮನುಷ್ಯರಾದರೋ ಅವನ ಮೈಯ ಹುಳುಗಳಿಂದ. ಒಂದು ಕಥೆ ಸಮಾಜದ ಮೇಲುಕೀಳುಗಳಿಗೆ ದೇಹದಲ್ಲಿ ಸ್ಥಾನ ಹುಡುಕಿತು. ಇನ್ನೊಂದು ಎಲ್ಲ ಮನುಷ್ಯರನ್ನೂ ಒಟ್ಟಾಗಿ ಹುಳುಗಳ ಸಾಲಿಗೆ ಸೇರಿಸಿ ಮುಂದೆ ನಡೆಯಿತು. ನಾರ್ಡಿಕ್ ಜನರ ಯಿಮಿರನ ದೇಹದಿಂದಲೂ ಲೋಕವಾಯಿತೆಂಬ ಕಥೆಯಿದೆ. ಹೋಲಿಕೆಯೊಂದೇ ಎರವಲಿಗೆ ಸಾಕ್ಷಿಯಾಗಲಾರದು.

ಚೀನದಲ್ಲಿ ಮೇಲುಕೀಳಿನ ಪ್ರಶ್ನೆ ಬಂದದ್ದು ಬೇರೊಂದು ಕಥೆಯಲ್ಲಿ. ನಮ್ಮ ವಿದ್ಯಾರ್ಥಿ ಬರೆದದ್ದು ಅದನ್ನೇ. ಎರಡನೆಯ ಶತಮಾನದ ಯಿಂಗ್ ಶಾವೊ ತನ್ನ ‘ಲೋಕರೂಢಿಗಳ ವಿಚಾರ’ದಲ್ಲಿ ಜನಸಾಮಾನ್ಯರ ಮಾತೆಂದು ಇದನ್ನು ದಾಖಲಿಸಿದನು, ಹತ್ತನೆಯ ಶತಮಾನದ ವಿಶ್ವಕೋಶವೊಂದರಲ್ಲಿ ಅದು ಉಳಿದುಬಂದಿದೆ. ನ್ಯೂವಾ ಹಳದಿ ಮಣ್ಣನ್ನು ನಾದಿ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಮಾಡುತ್ತಿದ್ದಳು. ಕೆಲಸ ಮುಗಿಯಲಿಲ್ಲ, ಬಿಡುವಾಗಲಿಲ್ಲ. ಆಗ ಹಗ್ಗವನ್ನು ಕೆಸರಿನಲ್ಲಿ ಎಳೆದು ಮೇಲೆತ್ತಿದಳು. ಉದುರಿದ ಹನಿಗಳು ಮನುಷ್ಯರಾದುವು. ಧನಿಕರೂ ಕುಲೀನರೂ ಕೈಯಿಂದ ಮಾಡಿದ ಹಳದಿ ಮಣ್ಣಿನವರು. ಬಡವರೂ ಸಾಮಾನ್ಯರೂ ಹಗ್ಗದಿಂದ ಉದುರಿದವರು. ಪುರುಷಸೂಕ್ತಕ್ಕೆ ಹೋಲಿಸಬೇಕಾದ ಚೀನೀ ಕಥೆ ಯಾವುದಾದರೂ ಇದ್ದರೆ ಇದು. ಆದರೆ ಇಲ್ಲೂ ಒಂದು ಭೇದವಿದೆ. ಇಲ್ಲಿ ಅಸಮಾನತೆಗೆ ಕಾರಣ ಪವಿತ್ರ ವಿಧಿಯಲ್ಲ, ದೇವಿಯ ಆಯಾಸ. ಬಡವನು ಬಡವನಾದುದು ಅವಳಿಗೆ ಪುರುಸೊತ್ತಿಲ್ಲದಿದ್ದುದರಿಂದ! ಇದರಲ್ಲಿ ಕುಲೀನರ ಅಹಂಕಾರವಿದೆಯೋ, ಹಳ್ಳಿಗರ ಕಹಿಯಾದ ಹಾಸ್ಯವಿದೆಯೋ ಹೇಳುವುದು ಸುಲಭವಲ್ಲ. ಈ ಕಥೆಯ ಮೇಲೆ ವರ್ಣವ್ಯವಸ್ಥೆಯಂಥ ಧರ್ಮಶಾಸ್ತ್ರವನ್ನು ಚೀನೀಯರು ಕಟ್ಟಲಿಲ್ಲವೆಂಬುದು ಮಾತ್ರ ನಿಶ್ಚಯ. ಅವರ ರಾಜ್ಯಾಧಿಕಾರಿಗಳು ಕಾಲಕ್ರಮದಲ್ಲಿ ಪರೀಕ್ಷೆಗಳಿಂದ ಆಯ್ಕೆಯಾದರು, ಮಣ್ಣಿನ ಬಣ್ಣದಿಂದಲ್ಲ.

ಕಥೆಗಳನ್ನು ಚೀನೀಯರೆಲ್ಲ ಕಣ್ಣುಮುಚ್ಚಿ ನಂಬಿದರೆಂದೂ ಅಲ್ಲ. ಒಂದನೆಯ ಶತಮಾನದ ವಾಂಗ್ ಚೋಂಗ್, ನ್ಯೂವಾ ಐದು ಬಣ್ಣದ ಕಲ್ಲುಗಳನ್ನು ಕರಗಿಸಿ ಬಿರುಕುಬಿಟ್ಟ ಆಕಾಶಕ್ಕೆ ತೇಪೆ ಹಾಕಿದಳೆಂಬ ಕಥೆಯನ್ನು ಹಿಡಿದು ಜಾಲಾಡಿದನು: ಆಕಾಶವು ಬರಿಯ ಚೀ ಆಗಿದ್ದರೆ ಕಲ್ಲಿನಿಂದ ಅದನ್ನು ದುರಸ್ತಿ ಮಾಡುವುದು ಹೇಗೆ? ಒಂಬತ್ತನೆಯ ಶತಮಾನದ ಮೊದಲಲ್ಲಿ ಬೌದ್ಧ ಆಚಾರ್ಯ ಜೋಂಗ್‌ಮಿ ‘ಮನುಷ್ಯನ ಮೂಲ’ವನ್ನು ಕುರಿತು ಬರೆದ ಪ್ರಬಂಧದಲ್ಲಿ ಇನ್ನೂ ಗಂಭೀರವಾದ ಪ್ರಶ್ನೆಯನ್ನೆತ್ತಿದನು. ಎಲ್ಲವೂ ತಾವೊವಿನಿಂದ ಅಥವಾ ಮೂಲ ಚೀಯಿಂದ ತಾನಾಗಿ ಹುಟ್ಟಿತೆಂದರೆ, ಬಡವರು ಹೆಚ್ಚು ಧನಿಕರು ಕಡಮೆ ಏಕೆ, ಒಳ್ಳೆಯವರಿಗೆ ಕೇಡೇಕೆ, ಹಾಗಿದ್ದಲ್ಲಿ ಸದಾಚಾರದ ಬೋಧನೆಯಾದರೂ ಏಕೆ? ಅವನ ಉತ್ತರ ಕರ್ಮಸಿದ್ಧಾಂತ. ಭಾರತದಿಂದ ಚೀನಕ್ಕೆ ನಿಜವಾಗಿ ಹೋದದ್ದೇನೆಂದು ಕೇಳಿದರೆ ನಾವು ಪಾನ್‌ಗುವನ್ನಲ್ಲ, ಇದನ್ನು ತೋರಿಸಬೇಕು: ಲೋಕಗಳು ಹುಟ್ಟಿ ಅಳಿದು ಮತ್ತೆ ಹುಟ್ಟುವ ಕಲ್ಪಗಳ ಕಲ್ಪನೆ. ಮನುಷ್ಯರ ಮತ್ತು ರಾಜ್ಯದ ಹುಟ್ಟನ್ನು ಹೇಳುವ ಅಗ್ಗಞ್ಞ ಸುತ್ತದ ಪಾಠವನ್ನೊಳಗೊಂಡ ದೀರ್ಘಾಗಮ 413ರಲ್ಲಿ ಚೀನೀ ಭಾಷೆಗೆ ಬಂದಿತು. ತಾವೊ ಪಂಥದ ಲಿಂಗ್‌ಬಾವೊ ಗ್ರಂಥಗಳು ಅದೇ ಸುಮಾರಿನಲ್ಲಿ ಕಲ್ಪಗಳ ಲೆಕ್ಕವನ್ನು ಕೈಗೆತ್ತಿಕೊಂಡವು. ‘ಕಲ್ಪ’ಕ್ಕಾಗಿ ಬಳಸಿದ ‘ಜಿಯೇ’ ಎಂಬ ಶಬ್ದ ಇಂದಿನ ಚೀನೀ ಭಾಷೆಯಲ್ಲಿ ಮಹಾವಿಪತ್ತೆಂಬ ಅರ್ಥದಲ್ಲಿ ನಿತ್ಯ ಬಳಕೆಯಲ್ಲಿದೆ.

ಇಷ್ಟಾದ ಮೇಲೂ ಬೊಡ್ ಮೋಟರ ಮಾತಿನಲ್ಲಿ ಸತ್ಯಾಂಶವೇನೂ ಇಲ್ಲವೆಂದರೆ ಅನ್ಯಾಯವಾದೀತು. ಗ್ವೋದ್ಯಾನಿನ ಪಟ್ಟಿಗಳಲ್ಲೂ, ಒಂದರಿಂದ ಎರಡು ಎರಡರಿಂದ ಮೂರು ಎಂಬ ಲಾವೊತ್ಸುವಿನ ಪ್ರಸಿದ್ಧ ಕ್ರಮದಲ್ಲೂ ಬರುವ ಕ್ರಿಯಾಪದ ‘ಶೆಂಗ್’. ಅದರ ಮೊದಲ ಅರ್ಥ ಹೆರುವುದು, ಚಿಗುರುವುದು. ನಾವು ಮೊದಲು ಓದಿದ ಅನುವಾದದಲ್ಲಿ ಅಲ್ಲಿ ‘ಉಂಟುಮಾಡಿತು’ ಎಂದಿತ್ತು. ಅನಂತರ ನೋಡಿದುದರಲ್ಲಿ ‘ಹೆತ್ತಿತು’ ಎಂದಿತ್ತು. ಒಂದು ಕ್ರಿಯಾಪದದಲ್ಲಿ ದರ್ಶನವೇ ಬೇರೆಯಾಗುತ್ತದೆ. ಕುಂಬಾರನಿಗೂ ಮಡಕೆಗೂ ಇರುವ ಸಂಬಂಧ ಒಂದು. ತಾಯಿಗೂ ಮಗುವಿಗೂ ಇರುವ ಸಂಬಂಧ ಮತ್ತೊಂದು. ಚೀನೀಯರಿಗೆ ಮೊದಲನೆಯದು ತಿಳಿಯದೆ ಇರಲಿಲ್ಲ: ಚ್ವಾಂಗ್‌ತ್ಸುವಿನ ಗ್ರಂಥದಲ್ಲಿ ‘ವಸ್ತುಗಳನ್ನು ಮಾಡುವವನು’ ಎಂಬ ಮಾತೂ, ಲೋಹವನ್ನು ಎರಕ ಹೊಯ್ಯುವ ಮಹಾ ಕಮ್ಮಾರನ ಉಪಮೆಯೂ ಇದೆ. ಆದರೆ 312ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ಗ್ವೋ ಶಿಯಾಂಗ್, ಆ ಮಾಡುವವನಿಗೆ ಒಡೆತನವಿಲ್ಲ, ವಸ್ತುಗಳು ತಮ್ಮಷ್ಟಕ್ಕೆ ತಾವೇ ಆಗುತ್ತವೆಂದು ವ್ಯಾಖ್ಯಾನಿಸಿದನು. ಎರಡು ದಾರಿಗಳೂ ಮುಂದಿದ್ದುವು. ಪಂಡಿತವರ್ಗ ಒಂದನ್ನು ಆಯ್ದುಕೊಂಡಿತು. ಕರ್ತೃವಿನ ಕಲ್ಪನೆ ಚೀನದಲ್ಲಿ ಇರಲಿಲ್ಲವೆಂಬುದಕ್ಕೂ, ಇದ್ದು ಗೆಲ್ಲಲಿಲ್ಲವೆಂಬುದಕ್ಕೂ ಇತಿಹಾಸಕಾರನ ದೃಷ್ಟಿಯಲ್ಲಿ ಬಹಳ ಅಂತರವಿದೆ. ಮೊದಲನೆಯದು ಜನಾಂಗದ ಸ್ವಭಾವವನ್ನು ಕುರಿತ ಘೋಷಣೆ. ಎರಡನೆಯದು ಶತಮಾನಗಳ ವಾದವಿವಾದದ ವೃತ್ತಾಂತ.

ಈ ‘ಹೆರುವ’ ಕಲ್ಪನೆಯೇ ಸಂಸ್ಕೃತಿಯ ಮೇಲೆ ಹೆಚ್ಚು ಗುರುತು ಉಳಿಸಿದೆ. ಹನ್ನೊಂದನೆಯ ಶತಮಾನದ ಝಾಂಗ್ ಜಾಯ್ ತನ್ನ ಓದಿನ ಕೋಣೆಯ ಪಶ್ಚಿಮದ ಗೋಡೆಯ ಮೇಲೆ ಬರೆಸಿದ ಚಿಕ್ಕ ಲೇಖದಲ್ಲಿ ಆಕಾಶವನ್ನು ತಂದೆಯೆಂದೂ ಭೂಮಿಯನ್ನು ತಾಯಿಯೆಂದೂ ಕರೆದು, ಎಲ್ಲ ಜನರೂ ಒಡಹುಟ್ಟಿದವರೆಂಬ ನಿರ್ಣಯಕ್ಕೆ ಬಂದನು. ಅವನ ಸಮಕಾಲೀನ ಝೌ ದುನ್‌ಯಿ (1017-1073) ತಾಯ್‌ಜಿಯ ಚಿತ್ರವೊಂದಕ್ಕೆ ಬರೆದ ವಿವರಣೆಯಲ್ಲಿ ಯಿನ್ ಯಾಂಗ್, ಪಂಚತತ್ತ್ವ, ಗಂಡು ಹೆಣ್ಣು, ಸಮಸ್ತ ವಸ್ತು ಎಂದು ಸೃಷ್ಟಿಕ್ರಮವನ್ನು ನಿರೂಪಿಸಿದನು; ಝೂ ಶಿ (1130-1200) ಅದನ್ನು ತನ್ನ ಸಂಕಲನದ ಆರಂಭದಲ್ಲೇ ಇಟ್ಟನು. ಪಂಡಿತರ ಮನೆಯ ಮಾತು ಇದಾದರೆ, ಸಾಮಾನ್ಯರ ಮದುವೆಗಳಲ್ಲಿ ವಧೂವರರು ಮೊದಲ ನಮಸ್ಕಾರವನ್ನು ಆಕಾಶ ಭೂಮಿಗಳಿಗೆ, ಎರಡನೆಯದನ್ನು ತಂದೆತಾಯಿಗಳಿಗೆ ಮಾಡುವುದು ಸಂಪ್ರದಾಯ. ಸೃಷ್ಟಿಯನ್ನು ವಂಶವೆಂದು ತಿಳಿದವರ ಮನೆಯಲ್ಲಿ ವಿಶ್ವದ ಮೂಲಕ್ಕೆ ಸಲ್ಲುವ ಪೂಜೆಗೂ ಹಿರಿಯರ ಪೂಜೆಗೂ ನಡುವೆ ಗೋಡೆಯಿರಲಿಲ್ಲ. ಚಕ್ರವರ್ತಿ ‘ಸ್ವರ್ಗದ ಮಗ’ನಾಗಿ, 1420ರಲ್ಲಿ ಪೀಕಿಂಗಿನಲ್ಲಿ ಕಟ್ಟಿಸಿದ ಸ್ವರ್ಗಮಂದಿರದ ಆವರಣದಲ್ಲಿ ದಕ್ಷಿಣಾಯನಾಂತ್ಯದಂದು ಸಲ್ಲಿಸುತ್ತಿದ್ದ ಬಲಿಯೂ ಒಂದರ್ಥದಲ್ಲಿ ಮಗನ ಕರ್ತವ್ಯವೇ. ಯೂರೋಪಿನ ಪಾದ್ರಿಗಳು ಪಿತೃಪೂಜೆಯನ್ನೂ ಸೃಷ್ಟಿಕರ್ತನನ್ನೂ ಎರಡು ಬೇರೆ ವಿಷಯಗಳೆಂದು ತಿಳಿದು ವಾದಿಸಿದ್ದು ಅವರ ತೊಂದರೆಗಳಿಗೆಲ್ಲ ಮೂಲವಾಯಿತೆಂದು ನಮಗೆ ತೋರುತ್ತದೆ.

ಇಲ್ಲಿಂದ ಮುಂದಕ್ಕೆ ಹೋಗಿ, ಕರ್ತೃವಿಲ್ಲದುದರಿಂದಲೇ ಚೀನದಲ್ಲಿ ಆಧುನಿಕ ವಿಜ್ಞಾನ ಬೆಳೆಯಲಿಲ್ಲವೆಂಬ ವಾದವಿದೆ. ಜೋಸೆಫ್ ನೀಡಮ್ ಅವರು 1956ರ ತಮ್ಮ ಎರಡನೆಯ ಸಂಪುಟದಲ್ಲಿ ಇದನ್ನು ಎಚ್ಚರಿಕೆಯಿಂದ ಹೇಳಿದ್ದಾರೆ: ಶಾಸನಕರ್ತನಾದ ದೇವರೊಬ್ಬನು ಪ್ರಕೃತಿಗೆ ನಿಯಮಗಳನ್ನು ವಿಧಿಸಿದ್ದಾನೆಂಬ ಭರವಸೆ ಇಲ್ಲದುದರಿಂದ, ಅವನ್ನು ಓದಿ ತಿಳಿಯಬಹುದೆಂಬ ಭರವಸೆಯೂ ಬರಲಿಲ್ಲವೆಂದು. ಅವರ ವಿದ್ವತ್ತಿಗೆ ಎದುರಾಡುವ ಯೋಗ್ಯತೆ ನಮಗಿಲ್ಲ. ಆದರೆ ಅವರದೇ ಸಂಪುಟಗಳು ಸಾವಿರಾರು ಪುಟಗಳಲ್ಲಿ ಚೀನದ ಖಗೋಳಲೆಕ್ಕಗಳನ್ನೂ ಯಂತ್ರಗಳನ್ನೂ ವರ್ಣಿಸುವಾಗ, ಈ ಒಂದು ಕಾರಣ ಅಷ್ಟು ಭಾರವನ್ನು ಹೊರಲಾರದೆಂಬ ಅನುಮಾನ ಓದುಗನಿಗೆ ಬಂದೇ ಬರುತ್ತದೆ. ಕರ್ತೃವನ್ನು ನಂಬಿದ ನಾಡುಗಳಲ್ಲೂ ಹೆಚ್ಚಿನವು ನ್ಯೂಟನ್ನನನ್ನು ಹಡೆಯಲಿಲ್ಲ.

ಕಲೆಯ ಆಧಾರಗಳು ಗ್ರಂಥಗಳಿಗಿಂತ ನಿಸ್ಸಂದಿಗ್ಧ. ಶಾನ್‌ಡೊಂಗ್ ಪ್ರಾಂತದಲ್ಲಿ 151ರ ವೂ ಲ್ಯಾಂಗ್ ಸ್ಮಾರಕಮಂದಿರದ ಕಲ್ಲುಗಳ ಮೇಲೆ ಫೂಶಿ ಮತ್ತು ನ್ಯೂವಾ ಹಾವಿನ ಬಾಲಗಳನ್ನು ಹೆಣೆದುಕೊಂಡು ನಿಂತಿದ್ದಾರೆ. ಐದು ನೂರು ವರ್ಷಗಳ ಅನಂತರ, ದೂರದ ತುರ್ಫಾನಿನ ಅಸ್ತಾನ ಗೋರಿಗಳಲ್ಲಿ ಅದೇ ಜೋಡಿ ರೇಷ್ಮೆಯ ಮೇಲೆ ಕಾಣಿಸುತ್ತದೆ: ಅವನ ಕೈಯಲ್ಲಿ ಮೂಲೆಮಟ್ಟ, ಅವಳ ಕೈಯಲ್ಲಿ ಕೈವಾರ, ಮೇಲೆ ಸೂರ್ಯ, ಕೆಳಗೆ ಚಂದ್ರ, ಸುತ್ತಲೂ ನಕ್ಷತ್ರಗಳು. ಅರೆಲ್ ಸ್ಟೈನ್ ಅಸ್ತಾನದಿಂದ ತಂದ ವಸ್ತುಗಳ ದೊಡ್ಡ ಭಾಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವುದರಿಂದ, ಈ ಗೋರಿಗಳ ಜಗತ್ತನ್ನು ನೋಡಲು ನಮ್ಮವರು ಬಹು ದೂರ ಹೋಗಬೇಕಾಗಿಲ್ಲ. ಕೈವಾರ ಮೂಲೆಮಟ್ಟಗಳ ಹೆಸರುಗಳು ಕೂಡಿ ಆದ ‘ಗ್ವೇಜು’ ಎಂಬ ಶಬ್ದಕ್ಕೆ ಇಂದಿಗೂ ಚೀನೀ ಭಾಷೆಯಲ್ಲಿ ಕಟ್ಟಳೆ, ರೀತಿನೀತಿ ಎಂದರ್ಥ. ಹದಿನೆಂಟನೆಯ ಶತಮಾನದ ಮಹಾಕಾದಂಬರಿ ‘ಕೆಂಪು ಮಹಡಿಯ ಕನಸು’ ಕೂಡ ನ್ಯೂವಾಳಿಂದಲೇ ಮೊದಲಾಗುತ್ತದೆ: ಆಕಾಶಕ್ಕೆ ತೇಪೆ ಹಾಕಲು ಅವಳು ಸಿದ್ಧಪಡಿಸಿದ 36,501 ಕಲ್ಲುಗಳಲ್ಲಿ ಬಳಕೆಯಾಗದೆ ಉಳಿದ ಒಂದು ಕಲ್ಲೇ ಕಥೆಯ ಬೀಜ. ಲೂ ಶುನ್ 1922ರಲ್ಲಿ ಇದೇ ದೇವಿಯನ್ನು ಕುರಿತು ಕಥೆ ಬರೆದನು. ಸೃಷ್ಟಿಕಥೆಯಿಲ್ಲದ ಜನರ ಸಾಹಿತ್ಯ ಹೀಗಿರಲಾರದು.

ವಿರುದ್ಧ ದಿಕ್ಕಿನ ಅತಿಯನ್ನೂ ಗುರುತಿಸಬೇಕು. ಎನ್. ಜೆ. ಗಿರಾರ್ಡೊ ಅವರು 1976ರ ಲೇಖನದಲ್ಲೂ 1983ರ ಗ್ರಂಥದಲ್ಲೂ ತಾವೊ ಪಂಥದ ಆದಿ ಗೊಂದಲವಾದ ‘ಹುನ್‌ದುನ್’ ಕಲ್ಪನೆಗೆ ದೊರೆಯಬೇಕಾದ ಗೌರವವನ್ನು ದೊರಕಿಸಿದರು. ಚ್ವಾಂಗ್‌ತ್ಸುವಿನ ಕಥೆಯಲ್ಲಿ, ಮುಖದ ಏಳು ರಂಧ್ರಗಳಿಲ್ಲದ ಹುನ್‌ದುನ್ ದೊರೆಗೆ ಉಪಕಾರ ಮಾಡಲೆಂದು ಇಬ್ಬರು ಗೆಳೆಯರು ದಿನಕ್ಕೊಂದು ರಂಧ್ರ ಕೊರೆದರು. ಏಳನೆಯ ದಿನ ಅವನು ಸತ್ತನು. ಸೃಷ್ಟಿಯನ್ನು ಉಪಕಾರದ ರೂಪದ ಕೊಲೆಯೆಂದು ಕಂಡ ಈ ಕಥೆ ಅಸಾಧಾರಣವಾದುದು. ಆದರೆ ಗಿರಾರ್ಡೊ ಅವರಿಗೆ ಆಮೇಲೆ ಸೋರೆಬುರುಡೆಯಲ್ಲೂ ಸಾರಿನ ಕಡುಬಿನಲ್ಲೂ ಹುನ್‌ದುನ್ ಕಾಣತೊಡಗಿದುದು ಸ್ವಲ್ಪ ಹೆಚ್ಚಾಯಿತು. ಯುವಾನ್ ಕೆ ಅವರು 1950ರಿಂದ ಮುಂದೆ ಚದರಿದ ತುಣುಕುಗಳನ್ನು ಹೆಣೆದು ಅಖಂಡವಾದ ಪುರಾಣಕಥನವನ್ನು ಕಟ್ಟಿದರು. ಓದಲು ಸೊಗಸಾಗಿದೆ, ಆದರೆ ಆರೇಳು ಶತಮಾನಗಳ ಅಂತರದ ಮಾತುಗಳು ಅಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಇಂಥ ಹೆಣಿಗೆಗೆ ಸ್ಪಷ್ಟವಾದ ನಿದರ್ಶನ ಹೊಸ ವರ್ಷದ ಏಳನೆಯ ದಿನ, ‘ಮನುಷ್ಯರ ದಿನ’. ನ್ಯೂವಾ ಮೊದಲ ಆರು ದಿನಗಳಲ್ಲಿ ಕೋಳಿ, ನಾಯಿ ಮೊದಲಾದ ಪ್ರಾಣಿಗಳನ್ನು ಮಾಡಿ ಏಳನೆಯ ದಿನ ಮನುಷ್ಯನನ್ನು ಮಾಡಿದಳೆಂದು ಜನಪ್ರಿಯ ಪುಸ್ತಕಗಳಲ್ಲಿರುತ್ತದೆ. ಆರನೆಯ ಶತಮಾನದ ಜೋಂಗ್ ಲಿನ್ ತನ್ನ ನಾಡಿನ ಹಬ್ಬಗಳನ್ನು ವರ್ಣಿಸುವಾಗ ದಿನಗಳ ಪಟ್ಟಿಯನ್ನೂ, ಏಳು ಬಗೆಯ ಸೊಪ್ಪಿನ ಸಾರನ್ನೂ, ರೇಷ್ಮೆ ಅಥವಾ ಚಿನ್ನದ ತಗಡಿನಲ್ಲಿ ಕತ್ತರಿಸಿದ ಮನುಷ್ಯಾಕೃತಿಗಳನ್ನೂ ಹೇಳಿದ್ದಾನೆ. ನ್ಯೂವಾಳ ಹೆಸರು ಮಾತ್ರ ಅಲ್ಲಿಲ್ಲ. ಅವಳು ಆ ಪಟ್ಟಿಗೆ ಬಂದುದು ತಡವಾಗಿ. ಗು ಜಿಯೇಗಾಂಗ್ ಅವರ ಸೂತ್ರ ಇಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ.

ಹೆನಾನ್ ಪ್ರಾಂತದ ಹ್ವಾಯ್‌ಯಾಂಗಿನಲ್ಲಿ ಫೂಶಿಯ ಸಮಾಧಿಯೆನ್ನಲಾದ ಸ್ಥಳದ ಜಾತ್ರೆ ಚಾಂದ್ರಮಾನದ ಎರಡನೆಯ ತಿಂಗಳ 2ರಿಂದ ಮೂರನೆಯ ತಿಂಗಳ 3ರವರೆಗೆ ನಡೆಯುತ್ತದೆ. ಅಲ್ಲಿ ಮಾರುವ ಕಪ್ಪು ಬಣ್ಣದ ಮಣ್ಣಿನ ನಾಯಿಗಳು, ನ್ಯೂವಾ ಮನುಷ್ಯರನ್ನು ಮಾಡಿ ಉಳಿದ ಮಣ್ಣಿನಿಂದಾದುವೆಂದು ಸ್ಥಳೀಯರು ಹೇಳುತ್ತಾರೆ. ಈ ಮಾತಿನ ವಯಸ್ಸೆಷ್ಟೆಂದು ನಿರ್ಧರಿಸುವುದಕ್ಕೆ ಬರೆಹದ ಆಧಾರ ಸಾಲದು; ಹಾಗೆಂದು ಅದನ್ನು ಬಿಟ್ಟು ಚೀನದ ಸೃಷ್ಟಿಕಲ್ಪನೆಯನ್ನು ಬರೆಯುವುದೂ ಸರಿಯಲ್ಲ. ಮುಂದಿನ ವರ್ಷದ ಪತ್ರಿಕೆಗೆ ಪ್ರಶ್ನೆಯನ್ನು ನಾವು ಹೀಗೆ ತಿದ್ದಿದ್ದೇವೆ: ‘ಚೀನೀಯರಲ್ಲಿ ಸೃಷ್ಟಿಕಥೆಯಿಲ್ಲವೆಂದು ಯಾರು, ಯಾವಾಗ, ಏಕೆ ಹೇಳಿದರು? ಆಧಾರಗಳೊಡನೆ ಪರಿಶೀಲಿಸಿ.’ ಹಿಂದೆ ಕಡಮೆ ಅಂಕಗಳನ್ನು ಪಡೆದ ವಿದ್ಯಾರ್ಥಿ ತೇರ್ಗಡೆಯಾಗಿ ಊರು ಬಿಟ್ಟು ಹೋಗಿದ್ದಾನೆ. ಈ ಸಂಚಿಕೆಯ ಪ್ರತಿಯೊಂದನ್ನು ಅವನ ವಿಳಾಸಕ್ಕೆ ಕಳುಹಿಸಲು ಕಚೇರಿಗೆ ಹೇಳಿದ್ದೇವೆ.